ಸೇತುವೆಯಾಚೆ ಹುಟ್ಟಿದವನು

ಹಾರ್ಲನ್ ಬೆಂಡ್ ನಗರದ ಲೈಬ್ರರಿಯಲ್ಲಿ ಆರ್ಲೀನ್ ಪ್ರೂಯಿಟ್ ಮೂವತ್ತೊಂದು ವರ್ಷ ಕೆಲಸ ಮಾಡಿದಳು. ಮದುವೆಯ ಗೋಜಿಗೆ ಹೋಗಲಿಲ್ಲ. ತಾಯಿ ಇರುವತನಕ ತಾಯಿಯನ್ನು ನೋಡಿಕೊಂಡಳು, ಆಮೇಲೆ ಪುಸ್ತಕಗಳನ್ನು. ಮೆಲುಮಾತಿನ ಹೆಂಗಸು; ಆದರೆ ಎಲ್ಲಾದರೂ ತಪ್ಪು ಇಸವಿ ಕಂಡರೆ ಅದನ್ನು ತಿದ್ದುವತನಕ ಊಟ ಸೇರುತ್ತಿರಲಿಲ್ಲ.

೧೯೮೬ರಲ್ಲಿ ನಗರಕ್ಕೆ ನೂರಿಪ್ಪತ್ತೈದು ತುಂಬುವುದಿತ್ತು. ಮೇಯರ್ ವೆಂಡೆಲ್ ಸ್ಟ್ರೌಡ್‌ನಿಗೆ ಮೇಯರ್‌ಗಿರಿ ಅರ್ಧ ದಿನದ ಕೆಲಸ, ಉಳಿದರ್ಧ ದಿನ ಬಣ್ಣ ಮತ್ತು ಮೊಳೆಯ ಅಂಗಡಿ. ಅವನು ಒಂದು ಮಧ್ಯಾಹ್ನ ಲೈಬ್ರರಿಗೆ ಬಂದು, ಊರಿನಿಂದ ಹೆಸರು ಮಾಡಿದವರ ಬಗ್ಗೆ ಪುಟ್ಟ ಪುಸ್ತಕವೊಂದನ್ನು ಬರೆದುಕೊಡಬೇಕೆಂದು ಕೇಳಿಕೊಂಡ. ಹೆಸರು ಮಾಡಿದವರು ಅಂದರೆ ಒಬ್ಬ ಸೆನೆಟರ್, ಒಬ್ಬ ಬೇಸ್‌ಬಾಲ್ ಆಟಗಾರ, ಜೋಳದ ಕಾಳು ಬಿಡಿಸುವ ಯಂತ್ರ ಮಾಡಿದವನೊಬ್ಬ, ಇವರೆಲ್ಲರಿಗಿಂತ ಮೇಲೆ ಟ್ರಂಪೆಟ್ ವಾದಕ ಕ್ಲಿಯಾನ್ ಬರ್ಡೆಟ್. ಅವನು ತೀರಿಕೊಂಡು ಏಳು ವರ್ಷವಾಗಿತ್ತು. ಹೆದ್ದಾರಿ ಪಕ್ಕದ ಬೋರ್ಡಿನಲ್ಲಿ ಅವನದೊಂದೇ ಹೆಸರು: 'ಕ್ಲಿಯಾನ್ ಬರ್ಡೆಟ್ ಹುಟ್ಟಿದ ಊರು.'

ಆರ್ಲೀನ್ ಕೋರ್ಟಿನ ಕಟ್ಟಡಕ್ಕೆ ಹೋಗಿ ಜನನದ ರಿಜಿಸ್ಟರು ತೆಗೆಸಿದಳು. ಮಿಕ್ಕವರೆಲ್ಲ ಸಿಕ್ಕರು. ಕ್ಲಿಯಾನ್ ಸಿಗಲಿಲ್ಲ. ಹಿಂದಿನ ವರ್ಷ, ಮುಂದಿನ ವರ್ಷ ಎಲ್ಲ ಜಾಲಾಡಿದರೂ ಇಲ್ಲ.

ಮುಂದಿನ ಭಾನುವಾರ ಚರ್ಚು ಮುಗಿದ ಮೇಲೆ, ನಿಂಬೆಯ ಕೇಕು ಹಿಡಿದುಕೊಂಡು ನಾಲ್ಕನೇ ಬೀದಿಗೆ ಹೋದಳು. ಅಲ್ಲಿ ಕ್ಲಿಯಾನ್‌ನ ಅಕ್ಕ ಒಡೆಸ್ಸಾ ಒಬ್ಬಳೇ ಇದ್ದಳು. ಎಪ್ಪತ್ತಮೂರು ವರ್ಷದ ಕಪ್ಪು ಹೆಂಗಸು. ಕೈಗವಸಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತಳಾದವಳು. ಆರ್ಲೀನ್ ಬಂದ ಕಾರಣ ಹೇಳಿದಳು. ಒಡೆಸ್ಸಾ ಕೇಕು ಕೊಯ್ದು ಇಬ್ಬರಿಗೂ ಹಾಕಿಕೊಂಡು ಬಂದು ಕೂತಳು.

"ಇಷ್ಟು ವರ್ಷದಲ್ಲಿ ಒಬ್ರೂ ಕೇಳ್ಲಿಲ್ಲ ನೋಡಿ," ಅಂದಳು. "ಕೇಳಿದ್ರೆ ಹೇಳ್ತಿದ್ದೆ. ಅವನು ಈ ಊರಲ್ಲಿ ಹುಟ್ಟೇ ಇಲ್ಲ."

ಅದು ೧೯೨೧ರ ಮಾರ್ಚ್. ಅವ್ವನಿಗೆ ನೋವು ಶುರುವಾಗಿ ಎರಡು ದಿನವಾದರೂ ಹೆರಿಗೆ ಆಗಲಿಲ್ಲ. ಸೂಲಗಿತ್ತಿ ತನ್ನ ಕೈಲಾಗದು ಅಂದಳು. ಅಪ್ಪ ಊರ ಆಸ್ಪತ್ರೆಗೆ ಓಡಿದ. ಕಪ್ಪು ಜನರನ್ನು ಅಲ್ಲಿ ಸೇರಿಸಿಕೊಳ್ಳುತ್ತಿರಲಿಲ್ಲ, ಬಾಗಿಲಿಂದಲೇ ವಾಪಸು ಕಳಿಸಿದರು. ಹಾಲಿನವನ ಗಾಡಿ ಬೇಡಿ ತಂದು, ಕೌದಿ ಹಾಸಿ, ಅವ್ವನನ್ನು ಮಲಗಿಸಿ, ತುಂಬಿ ಹರಿಯುತ್ತಿದ್ದ ಹೊಳೆಯ ಮೇಲಿನ ಸೇತುವೆ ದಾಟಿ ಆಚೆಯ ಕ್ರೆಸ್ಟನ್ ಊರಿಗೆ ಕರೆದೊಯ್ದ. ಅಲ್ಲಿ ಒಬ್ಬ ಡಾಕ್ಟರು ಒಳಗೆ ಕರೆದುಕೊಂಡ. ಎಂಟು ವರ್ಷದ ಒಡೆಸ್ಸಾ ಗಾಡಿಯಲ್ಲಿ ಅವ್ವನ ತಲೆ ಹಿಡಿದು ಕೂತಿದ್ದಳು.

"ಸೇತುವೆ ಕಂಬ ಎಣಿಸು ಅಂತ ಅವ್ವ ನಂಗೆ ಹೇಳಿದ್ಲು. ನಾನು ಅಳಬಾರ್ದು ಅಂತ. ನೋವು ತಿನ್ತಿದ್ದೋಳು ಅವಳು."

ಬಿಳಿಯರ ಮನೆಯ ಆರ್ಲೀನ್ ಹುಟ್ಟಿದ್ದು ಅವರನ್ನು ಬಾಗಿಲಿಂದಲೇ ವಾಪಸು ಕಳಿಸಿದ ಅದೇ ಆಸ್ಪತ್ರೆಯಲ್ಲಿ. ಅವಳು ತಟ್ಟೆಯನ್ನು ಕೆಳಗಿಟ್ಟಳು. ಇದನ್ನು ಬರೆಯಬಹುದೇ ಎಂದು ಕೇಳಿದಳು.

"ಬರೀರಿ. ಊರಿಗೆ ಬೈಯೋಕಲ್ಲ. ಅವ್ವ ಅವನನ್ನ ಹೊಟ್ಟೇಲಿ ಹೊತ್ಕೊಂಡು ಎಲ್ಲೀವರೆಗೆ ಹೋದ್ಲು ಅನ್ನೋದು ಜನಕ್ಕೆ ಗೊತ್ತಾಗ್ಲಿ."

ಆರ್ಲೀನ್ ಬರೆದದ್ದನ್ನು ಓದಿ ಮೇಯರ್ ಸ್ಟ್ರೌಡ್ ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ. ಕೆಟ್ಟ ಮನುಷ್ಯನಲ್ಲ, ಹಬ್ಬ ಸುಸೂತ್ರವಾಗಿ ನಡೆದರೆ ಸಾಕಿತ್ತು ಅವನಿಗೆ.

"ಹುಟ್ಟಿದ ಅನ್ನೋ ಒಂದು ಪದಕ್ಕೆ ಇಷ್ಟೊಂದು ರಂಪ ಬೇಕಾ, ಆರ್ಲೀನ್?"

"ಪದ ಒಂದೇ, ವೆಂಡೆಲ್. ಆದ್ರೆ ಸುಳ್ಳು."

"ಕ್ರೆಸ್ಟನ್‌ನೋರು ನಾಳೆ ಬೆಳಿಗ್ಗೆನೇ ಬೋರ್ಡ್ ನಿಲ್ಲಿಸ್ತಾರೆ."

"ನಿಲ್ಲಿಸ್ಲಿ. ಬಾಗಿಲು ತೆಗೆದಿದ್ದು ಅವರ ಡಾಕ್ಟರು."

ವಿಷಯ ನಗರಸಭೆಗೆ ಹೋಯಿತು. ಸಭೆಯಲ್ಲಿ ಎದ್ದು ಮಾತಾಡಿ ಗೊತ್ತೇ ಇಲ್ಲದ ಆರ್ಲೀನ್ ಕ್ಲಿಯಾನ್ ಬಗ್ಗೆ ಬರೆದ ಎರಡು ಹಾಳೆಯನ್ನೂ ನಿಂತು ಓದಿದಳು. ಹಳೇ ಕಥೆ ಈಗ್ಯಾಕೆ ಎಂದು ಒಬ್ಬಿಬ್ಬರು ಗೊಣಗಿದರು. ಒಂದೇ ಒಂದು ಮತ ಹೆಚ್ಚು ಬಿದ್ದು, ಪುಸ್ತಕ ಅವಳು ಬರೆದ ಹಾಗೇ ಅಚ್ಚಾಯಿತು. ಬಣ್ಣ ಬಳಿಯಲೆಂದು ಕಳಚಿದ ಬೋರ್ಡು ವರ್ಷಗಟ್ಟಲೆ ಉಗ್ರಾಣದಲ್ಲಿ ಬಿದ್ದಿದ್ದು, ಕೊನೆಗೆ 'ಬೆಳೆದ ಊರು' ಎಂದು ಬರೆಸಿಕೊಂಡು ವಾಪಸು ಬಂತು.

ಪುಸ್ತಕ ಬಂದ ಆ ಬೇಸಿಗೆಯಲ್ಲಿ ಕೆಲವರು ಆರ್ಲೀನಳಿಗೆ ಮುಖ ಕೊಡಲಿಲ್ಲ. ಅವಳು ದಿನಾ ಊಟಕ್ಕೆ ಹೋಗುತ್ತಿದ್ದ ಹೋಟೆಲಿನ ಹೆಂಗಸು ಮಾತಿಲ್ಲದೆ ಕಾಫಿ ತಂದಿಟ್ಟು ಹೋಗುತ್ತಿದ್ದಳು. ಆರ್ಲೀನಳಿಗೆ ಅದು ಚುಚ್ಚಿತು. ಅಲ್ಲಿಗೆ ಹೋಗುವುದು ಬಿಟ್ಟು ಮನೆಯಿಂದಲೇ ಸ್ಯಾಂಡ್‌ವಿಚ್ ತರತೊಡಗಿದಳು.

ಅಕ್ಟೋಬರಿನಲ್ಲಿ ಒಡೆಸ್ಸಾ ಕೋಲೂರಿಕೊಂಡು ಲೈಬ್ರರಿಯ ಮೆಟ್ಟಿಲು ಹತ್ತಿ ಬಂದಳು. ಪುಸ್ತಕ ಇಸಿದುಕೊಂಡು ಕಿಟಕಿಯ ಬಳಿ ಕೂತು ತಮ್ಮನ ಪುಟಗಳನ್ನು ನಿಧಾನವಾಗಿ ಓದಿದಳು. ಆರ್ಲೀನ್ ಕೆಲಸ ಮಾಡುವವಳ ಹಾಗೆ ನಟಿಸುತ್ತ ಅತ್ತಲೇ ನೋಡುತ್ತಿದ್ದಳು. ಒಡೆಸ್ಸಾ ಕೈಸನ್ನೆ ಮಾಡಿ ಕರೆದಳು.

"ಚೆನ್ನಾಗಿ ಬರ್ದಿದೀರಿ. ಆದ್ರೆ ನಮ್ಮವ್ವ ಲವೀನಿಯಾ ಅಲ್ಲ. ಲುವೀನಿಯಾ."

ಆರ್ಲೀನಳ ಮುಖ ಕಿವಿಯತನಕ ಕೆಂಪಾಯಿತು. ಊರಿಗೆಲ್ಲ ತಪ್ಪು ತೋರಿಸಿದವಳು ತಾನು. ಅದನ್ನು ಕಂಡು ಒಡೆಸ್ಸಾ ನಕ್ಕುಬಿಟ್ಟಳು. "ಪೆನ್ನಿಲ್ವಾ ಇಲ್ಲಿ?" ಅಂದಳು.

ಹಿಂದಿನ ಕೋಣೆಯಲ್ಲಿ ಉಳಿದಿದ್ದ ಪ್ರತಿಗಳನ್ನೆಲ್ಲ ಮೇಜಿನ ಮೇಲೆ ಪೇರಿಸಿಕೊಂಡು ಇಬ್ಬರೂ ಎದುರುಬದುರು ಕೂತರು. ಆರ್ಲೀನ್ ಪುಟ ತೆಗೆದು ಕೊಡುವಳು. ಒಡೆಸ್ಸಾ ತಪ್ಪು ಹೆಸರು ಹೊಡೆದು ಮೇಲೆ ದುಂಡಗಿನ ಅಕ್ಷರದಲ್ಲಿ ತಾಯಿಯ ಹೆಸರು ಬರೆಯುವಳು. ಅವಳಿಗೆ ಬರೆಯುವ ಆತುರವಿರಲಿಲ್ಲ. ಸಂಜೆ ಲೈಬ್ರರಿ ಮುಚ್ಚುವ ವೇಳೆಗೆ ಇನ್ನೂ ಅರ್ಧದಷ್ಟು ಪ್ರತಿಗಳು ಉಳಿದಿದ್ದವು. ನಾಳೆ ಬರುತ್ತೇನೆ ಎಂದು ಹೇಳಿ ಒಡೆಸ್ಸಾ ಕೋಟು ಹಾಕಿಕೊಂಡಳು.