ಬೇಳೆಗೆ ನಾಲ್ಕು ಕೂಗು

ಕಳೆದ ಭಾನುವಾರ ನಾನು ಪಬ್ಬಿಗೆ ಹೋಗಿದ್ದೆ.

ಪತ್ರಿಕೆ ಕೆಳಗಿಡಬೇಡಿ. ದೇವರಿಗೆ ದೀಪ ಹಚ್ಚದೆ ಕಾಫಿ ಕುಡಿಯದ, ಯಡಿಯೂರಿನ ಅದೇ ಕಮಲಮ್ಮನೇ ಬರೆಯುತ್ತಿರುವುದು. (ಹೌದು, ಬರೆಯುತ್ತಿರುವುದು ಕಮಲಮ್ಮನೇ. ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಎಂಬುದು ಮುಂದೆ ಗೊತ್ತಾಗುತ್ತದೆ.)

ಈ ಪತ್ರಿಕೆಯ ಓದುಗರ ಪತ್ರಗಳ ಪುಟದಲ್ಲಿ ವಾರವಾರವೂ ಜಗಳವಾಡುವ ಒಂದು ಗುಂಪಿದೆಯಲ್ಲ? ಈ ಕಾಲಂ ಸಿಗುವ ಮೊದಲು ನಾನೂ ಅಲ್ಲೇ ಇದ್ದವಳು. ಮುಖ ನೋಡದೆ ನಾಲ್ಕು ವರ್ಷದ ಪರಿಚಯ. ಒಬ್ಬರಿಗೆ ಹುಷಾರಿಲ್ಲವೆಂದರೆ ಉಳಿದವರೆಲ್ಲ ಕಾರ್ಡು ಹಾಕುತ್ತೇವೆ. ಒಮ್ಮೆ ಎದುರುಬದುರು ಸೇರೋಣ ಎಂದು ಬನಶಂಕರಿಯ ರಾಯರು ಎಲ್ಲರಿಗೂ ಬರೆದಿದ್ದರು. ಜಾಗ, ಜೆ.ಪಿ. ನಗರದಲ್ಲಿ ಹೊಸದಾಗಿ ತೆರೆದಿರುವ ಒಂದು ಪಬ್. ಸಂಜೆ ನಾಲ್ಕಕ್ಕೆ.

"ಪಬ್ ಅಂದ್ರೇನ್ರೀ?" ಎಂದು ನಮ್ಮ ಯಜಮಾನರನ್ನು ಕೇಳಿದೆ.

"ಪಬ್ಲಿಕ್ ಇರ್ಬೇಕು ಕಣೇ. ಲೈಬ್ರರಿ ಥರ," ಎಂದರು, ಪೇಪರಿನಿಂದ ತಲೆ ಎತ್ತದೆ.

ಸರಿ, ರೇಷ್ಮೆ ಸೀರೆ ಉಟ್ಟು, ಒಂದು ಡಬ್ಬಿ ಕೋಡುಬಳೆ ಹಿಡಿದು ಹೊರಟೆ. ಬಾಗಿಲಲ್ಲೇ ಆ ವಾಸನೆ! ವಾಪಸು ಹೋಗೋಣವೆಂದರೆ ನಾಲ್ಕು ವರ್ಷದ ಸ್ನೇಹ. ಇವತ್ತು ಏಕಾದಶಿಯಲ್ಲವಲ್ಲ, ಅದೇ ದೇವರ ದಯೆ ಎಂದುಕೊಂಡು ಕಾಲಿಟ್ಟೆ.

"ಮೇಡಂ, ಆ ಕಡೆ ಅಲ್ಲ!" ವೇಟರ್ ಓಡಿಬಂದ. "ಲೇಡೀಸ್‌ಗೆ ಫ್ಯಾಮಿಲಿ ರೂಮು."

"ನಾನೊಬ್ಳೇ ಇದೀನಲ್ಲಪ್ಪ?"

"ಒಬ್ರೇ ಆದ್ರೂ ಫ್ಯಾಮಿಲಿನೇ ಮೇಡಂ."

ಮೀಟಿಂಗಿಗೆ ಬಂದವಳು ಎಂದೆ. "ಅವ್ರು ಬರ್ಲಿ, ಹೇಳ್ತೀನಿ," ಎಂದು ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ, ಬಾಗಿಲಿಗೆ ಪರದೆ ಎಳೆದು ಹೋದ. ನಾಲ್ಕು ಕುರ್ಚಿ, ಒಂದು ಮೇಜು, ನಾನು. ನಿಂಬೆಹಣ್ಣಿನ ಶರಬತ್ತು ಬಂತು. ಲೋಟ ಚೊಕ್ಕಟವಾಗಿತ್ತು. ಅದೂ ಒಂದು ಪುಣ್ಯ.

ಸ್ವಲ್ಪ ಹೊತ್ತಿಗೆ ಪರದೆಯಾಚೆ ಕುರ್ಚಿ ಎಳೆಯುವ ಸದ್ದು, ನಗು. ವೇಟರ್ ನನ್ನನ್ನು ಮರೆತೇಬಿಟ್ಟಿದ್ದ. ಎದ್ದು ಹೋಗೋಣ ಎನ್ನುವಷ್ಟರಲ್ಲಿ ನನ್ನ ಹೆಸರೇ ಕಿವಿಗೆ ಬಿತ್ತು.

"ಕಮಲಮ್ಮ ಬರ್ಲಿಲ್ವಾ?"

"ಎಲ್ಲಿಂದ ಬರ್ತಾರೆ ರಾಯ್ರೇ?" ಎಂದಿತು ಒಂದು ಎಳೆಯ ದನಿ. "ಅವ್ರು ಅಡುಗೆಮನೇಲಿರ್ತಾರೆ. ಬರೆಯೋದು ಅವ್ರ ಗಂಡ. ಹೆಂಗಸ್ರು ಇಷ್ಟು ಚೂಪಾಗಿ ಬರೀತಾರಾ?"

"ಅದು ಹೆಂಗ್ ಹೇಳ್ತೀಯ ಸತ್ಯಪ್ರಿಯ?"

ಸತ್ಯಪ್ರಿಯ! ಸಿದ್ದಾಪುರದಿಂದ ಆ ಕಾವ್ಯನಾಮದಲ್ಲಿ ಸ್ತ್ರೀಶಿಕ್ಷಣದ ಪರವಾಗಿ ಉದ್ದುದ್ದ ಪತ್ರ ಬರೆಯುವ ಮಹಾನುಭಾವ.

"ಆ ಕುಕ್ಕರ್ ಕಾಲಂ ನೋಡಿ, ಸಹಸ್ರನಾಮ ಹೇಳ್ತಾ ಕೂಗು ಎಣಿಸೋದು. ಬೇಳೆಗೆ ಎರಡು ಕೂಗು, ಅಷ್ಟರಲ್ಲಿ ನೂರು ನಾಮ ಅಂತಾರಲ್ಲ? ಸಖತ್ತಾಗಿದೆ. ಆದ್ರೆ ಅದು ಪಕ್ಕಾ ಗಂಡಸಿನ ಬುದ್ಧಿ ಗುರು."

ಮೈಯೆಲ್ಲ ಉರಿಯಿತು. ಬೆಳಿಗ್ಗೆ ಐದಕ್ಕೆ ಎದ್ದು, ಎಲ್ಲರ ಊಟ ತಿಂಡಿ ಮುಗಿಸಿ, ಮಧ್ಯಾಹ್ನ ಮನೆ ಮಲಗಿದ ಮೇಲೆ ಅಡುಗೆಕಟ್ಟೆಯ ಮೇಲೆ ಹಾಳೆ ಇಟ್ಟು ಬರೆದ ಸಾಲುಗಳು. ಮನೆ ಯಜಮಾನರದು, ಹೆಸರಿನ ಹಿಂದಿನ ಇನಿಷಿಯಲ್ಲೂ ಅವರದು. ದೇವರು ನನಗೇ ಎಂದು ಕೊಟ್ಟದ್ದು ಈ ಒಂದು ಪುಟ. ಅದನ್ನೂ ಯಜಮಾನರಿಗೆ ಬರೆದುಕೊಡುವುದೆ?

"ನಾಲ್ಕು!" ಎಂದೆ, ಪರದೆಯೊಳಗಿಂದಲೇ. "ನಾಲ್ಕು ಕೂಗು ಅಂತ ಬರ್ದಿದ್ದೆ ಕಣಪ್ಪ. ಎರಡಕ್ಕೆ ಬೇಳೆ ಬೇಯಲ್ಲ. ನಮ್ಮ ಯಜಮಾನ್ರು ಬರೆದಿದ್ರೆ ಎರಡೇ ಅಂತಿದ್ರು, ನಿನ್ನ ಹಾಗೆ."

ಆಚೆ ಒಂದು ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು.

"ಕಮಲಮ್ನೋರೇ! ಅಲ್ಯಾಕೆ ಕೂತಿದೀರಾ ತಾಯಿ? ಈ ಕಡೆ ಬನ್ನಿ," ರಾಯರು ಗಾಬರಿಯಾದರು.

"ಆಗಲ್ಲ ಸಾರ್, ಓನರ್ ಬೈತಾರೆ," ಎಂದ ವೇಟರ್.

"ಹಂಗಾದ್ರೆ ಅಲ್ಲಿಂದಾನೇ ಮಾತಾಡಿ. ಚೆನ್ನಾಗಿ ಕೇಳ್ಸುತ್ತೆ," ಎಂದರು ರಾಯರು.

ಎಷ್ಟು ಸಲೀಸು ನೋಡಿ! ಮುಖವಿಲ್ಲದೆ ಮಾತಾಡಲು ನಾನೇನು ರೇಡಿಯೋನೆ? ಎದ್ದು ಪರದೆಯನ್ನು ಸುತ್ತಿ ಗಂಟು ಹಾಕಿದೆ. ಕುರ್ಚಿ ಎಳೆದು ಸರಿಯಾಗಿ ಬಾಗಿಲ ನಡುವೆ ಹಾಕಿಕೊಂಡು ಕೂತೆ. ಹೊಸ್ತಿಲ ಮೇಲೆ ಕೂರಬಾರದೆಂದು ನಮ್ಮಮ್ಮ ಗದರುತ್ತಿದ್ದರು. (ದೇವರು ಕ್ಷಮಿಸಲಿ. ನನಗೆ ಬೇರೆ ಜಾಗ ಬಿಟ್ಟಿರಲಿಲ್ಲ.)

ಎದುರಿಗೆ ಹನ್ನೊಂದು ಜನ ಗಂಡಸರು. ಹೆಂಗಸು ಒಬ್ಬಳೂ ಇಲ್ಲ. ಸತ್ಯಪ್ರಿಯ ಬಿಯರ್ ಮಗ್ಗನ್ನು ಕುರ್ಚಿಯ ಹಿಂದೆ ಅಡಗಿಸುತ್ತಾ, "ಸಾರಿ ಮೇಡಂ," ಎಂದ. "ಆದ್ರೂ ನಿಮ್ಮನೆ ಸಾರ್ ಒಂದ್ಸಲ ನೋಡಿ ತಿದ್ದಿರ್ತಾರಲ್ವಾ?"

ಕೋಡುಬಳೆ ಡಬ್ಬಿಯ ಮುಚ್ಚಳ ಅರ್ಧ ತೆಗೆದಿದ್ದವಳು, ಹಾಗೇ ಮುಚ್ಚಿದೆ.

"ನಿಮ್ಮನೇಲಿ ಬೇಳೆ ಬೇಯ್ಸೋದು ಯಾರಪ್ಪ?"

"ನಮ್ ಮಿಸೆಸ್ಸು."

"ಈ ಪತ್ರಿಕೆ ಓದ್ತಾಳಾ?"

"ನನಗಿಂತ ಮೊದ್ಲೇ. ನಿಮ್ ಕಾಲಂ ಕಟ್ ಮಾಡಿ ಇಟ್ಕೋತಾಳೆ ಮೇಡಂ."

"ಮತ್ತೆ ಕರ್ಕೊಂಡ್ ಬರ್ಬಾರ್ದಿತ್ತಾ?"

"ಇಂಥ ಜಾಗಕ್ಕೆಲ್ಲ ಫ್ಯಾಮಿಲಿ ಕರ್ಕೊಂಡ್ ಬರಕ್ಕಾಗುತ್ತಾ ಮೇಡಂ?"

ಉಳಿದ ಹತ್ತು ತಲೆಗಳೂ ಹೌದೆಂದು ಆಡಿದವು.

ಒಬ್ಬಳೇ ಕೂತಿದ್ದ ನನ್ನ ಕೋಣೆ ಫ್ಯಾಮಿಲಿ ರೂಮಾದರೆ, ಹನ್ನೊಂದು ಜನ ಸಂಸಾರಸ್ಥರು ಕೂತಿದ್ದ ಆ ಹಾಲ್‌ಗೆ ಏನೆಂದು ಬೋರ್ಡು ಬರೆಸಬೇಕು?