ಅರ್ಧ ಬಿದ್ದ ಗಂಟು

ಅವತ್ತು ಯೇವೂರ್ ಗುಡ್ಡದಲ್ಲಿ ನನ್ನನ್ನು ಕರೆದದ್ದು ನನ್ನ ಮೊಮ್ಮಗಳಲ್ಲ. ಅವಳ ದನಿಯಲ್ಲಿ ಬೇರೆ ಯಾರೋ ಕರೆದರು. ಅಲ್ಲಿಯವರೆಗೆ ಇಂಥ ಕತೆ ಹೇಳುವವರನ್ನು ಕಂಡರೆ ನಾನೇ ಎದ್ದು ಒಳಗೆ ಹೋಗುತ್ತಿದ್ದೆ. ನೀವೂ ಎದ್ದು ಹೋದರೆ ನನಗೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಮಗ ಡೊಂಬಿವಿಲಿಯಲ್ಲಿ ಲೋಕಲ್ ರೈಲಿನಿಂದ ಬಿದ್ದು ಸತ್ತ. ಅವನ ಮಗಳು ಸ್ವಾತಿ ಪ್ಲಾಟ್‌ಫಾರ್ಮಿನಲ್ಲೇ ಇದ್ದಳು. ಅಂದಿನಿಂದ ಮಾತು ಬಿಟ್ಟಳು. ಡಾಕ್ಟರ ಮದ್ದಾಯಿತು, ಊರಿನಿಂದ ಮಂತ್ರಿಸಿ ತಂದ ನೂಲೂ ಆಯಿತು. ಆಗ ನನ್ನ ಸೊಸೆಗೆ ಸಾನಪಾಡಾದ ಅವಳ ಆಫೀಸಿನಲ್ಲಿ ಯಾರೋ ನಿತಿನ್ ಎಂಬವನ ವಿಷಯ ಹೇಳಿದರು. ಮಕ್ಕಳನ್ನು ಗುಡ್ಡಕ್ಕೆ ಕರೆದೊಯ್ದು, ಹಗ್ಗ ಕಟ್ಟಿ ಬಂಡೆ ಹತ್ತಿಸಿ, ಮನಸ್ಸಿನ ಹೆದರಿಕೆ ಬಿಡಿಸುತ್ತಾನಂತೆ. ಅದಕ್ಕೂ ಥೆರಪಿ ಎಂದೇ ಹೆಸರು.

ನನಗೆ ಮೊದಲ ದಿನವೇ ಸಂಶಯ. ವರ್ತಕ ನಗರದಲ್ಲಿ ನಾವು ಚಿಕ್ಕ ಹೋಟೆಲು ನಡೆಸಿದವರು. ಹೊಸ ಅಡುಗೆ ಭಟ್ಟ ಬಂದರೆ ಅವನು ಹೊಯ್ದ ಮೊದಲ ದೋಸೆ ನಮ್ಮ ಹೊಟ್ಟೆಗೆ, ಆಮೇಲೆ ಗಿರಾಕಿಗೆ.

"ನೀನು ಡಾಕ್ಟರಾ?" ಎಂದು ನಿತಿನ್‌ನನ್ನೇ ಕೇಳಿದೆ.

"ನಹೀ ಅಜ್ಜಿ."

"ಹಾಗಾದ್ರೆ ಗುಡ್ಡ ಹತ್ತಿಸುವ ಮಾಸ್ತರಾ?"

"ಅದೂ ಪೂರಾ ಅಲ್ಲ. ಎರಡೂ ಥೋಡಾ ಥೋಡಾ, ಸ್ವಲ್ಪ ಸ್ವಲ್ಪ."

"ಥೋಡಾ ಥೋಡಾ ಕಲಿತವನನ್ನು ಪಾಸು ಮಾಡಿದ್ದು ಯಾರು ಮಾರಾಯ?"

"ನನ್ನ ಮೇಲೆ ಒಬ್ರು ಮೇಡಂ ಇದ್ದಾರೆ. ಮಾಡಿದ್ದೆಲ್ಲ ಅವರಿಗೆ ಫೋನಲ್ಲಿ ಹೇಳ್ಬೇಕು."

"ಫೋನಲ್ಲಿ ದೋಸೆ ಬೆಂದದ್ದು ಗೊತ್ತಾಗ್ತದಾ?"

"ಅತ್ತೆ, ಸಾಕು ಮಾಡಿ" ಎಂದಳು ಸೊಸೆ. ಅವನು ನಕ್ಕ. ನಾನು ಮಾತ್ರ ಅವನನ್ನು "ಏ ಮಾಸ್ತರಾ" ಎಂದೇ ಕರೆಯತೊಡಗಿದೆ. ಬೇರೆ ಯಾರೂ ಹಾಗೆ ಕರೆಯುತ್ತಿರಲಿಲ್ಲ.

ಒಂದು ಶನಿವಾರ ನಾನೂ ಜೊತೆಗೆ ಹೊರಟೆ. ದೊಡ್ಡವರು ತಿರುವಿನಾಚೆ ಕೂರಬೇಕು, ಏನು ಕೇಳಿಸಿದರೂ ಎದ್ದು ಬರಬಾರದು ಎಂದ ನಿತಿನ್. ಇದೆಂಥ ವೈದ್ಯ ಎಂದುಕೊಂಡು, ಉಳಿದ ತಾಯಿತಂದೆಯರಿಂದ ದೂರ ಒಂದು ಮರದ ಕೆಳಗೆ ಕುಳಿತೆ. ಮಟಮಟ ಮಧ್ಯಾಹ್ನ. ಮಕ್ಕಳ ಗಲಾಟೆ ಮುಂದಿನ ಬಂಡೆಯ ಕಡೆಯಿಂದ ಕೇಳುತ್ತಿತ್ತು. ಆಗ ಬೆನ್ನ ಹಿಂದೆ, ಯಾರೂ ಇಲ್ಲದ ಕಣಿವೆಯ ಬದಿಯಿಂದ, "ಅಜ್ಜೀ" ಎಂದು ಸ್ವಾತಿಯ ದನಿ ಬಂತು.

ಗುಡ್ಡೆಯಲ್ಲಿ ಯಾರೇ ಕರೆದರೂ ಮೂರನೇ ಸಲಕ್ಕೆ ಓಗೊಡಬೇಕು, ಮನುಷ್ಯರಲ್ಲದವರು ಮೂರನೇ ಸಲ ಕರೆಯುವುದಿಲ್ಲ ಎಂದು ಊರಿನಲ್ಲಿ ನಮಗೆ ಹೇಳಿಕೊಟ್ಟಿದ್ದರು. ನಂಬಿಕೆ ಇರಲಿಲ್ಲ, ಆದರೂ ನಾಲಿಗೆ ಏಳಲಿಲ್ಲ. ಮತ್ತೊಮ್ಮೆ "ಅಜ್ಜೀ". ಕಾದೆ. ಮೂರನೆಯದು ಬರಲಿಲ್ಲ. ಎದ್ದು ಬಂಡೆಯ ಕಡೆ ಓಡಿದೆ.

ಸ್ವಾತಿ ಒಂದು ಕಾಲನ್ನು ಬಂಡೆಯ ಮೇಲಿಟ್ಟು ನಿಂತಿದ್ದಳು. ನಿತಿನ್ ಅವಳ ಸೊಂಟದ ಹಗ್ಗ ಹಿಡಿದಿದ್ದ. ಗಂಟು ಅರ್ಧ ಮಾತ್ರ ಬಿದ್ದಿತ್ತು. ಅಳುತ್ತಿದ್ದ ಇನ್ನೊಂದು ಮಗುವಿನ ಕಡೆ ತಿರುಗಿ, ಉಳಿದರ್ಧ ಮರೆತಿದ್ದ. ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಮುಟ್ಟಿ ನೋಡಬೇಕೆಂಬುದು ಅವರ ಕಟ್ಟಳೆಯಂತೆ. ಅವತ್ತು ಅವನ ಜೊತೆ ಕೆಲಸ ಮಾಡುವವಳು ಜ್ವರವೆಂದು ಬಂದಿರಲಿಲ್ಲ. ಇವನು ಒಬ್ಬನೇ ಶುರು ಮಾಡಿದ್ದ.

"ಥ್ಯಾಂಕ್ಯೂ ಅಜ್ಜಿ" ಎಂದ. ಹಗ್ಗ ಬಿಚ್ಚತೊಡಗಿದ. "ನೀವು ಏ ಮಾಸ್ತರಾ ಅಂತ ಎರಡು ಸಲ ಕೂಗಿದ್ರಲ್ಲ, ಅದಕ್ಕೇ ತಿರುಗಿ ಇವಳ ಗಂಟು ನೋಡ್ದೆ. ಇಲ್ಲಾಂದ್ರೆ ಇವಳು ಹತ್ತಿಬಿಡ್ತಿದ್ಲು."

ನಾನು ಬಾಯಿಯನ್ನೇ ತೆರೆದಿರಲಿಲ್ಲ.

ತಪ್ಪು ಮುಚ್ಚಲು ಕಟ್ಟಿದ ಕತೆ ಎಂದುಕೊಂಡೆ. ಆದರೆ ಮುಚ್ಚುವವನು ಎಲ್ಲ ತಾಯಿತಂದೆಯರ ಎದುರು ತಪ್ಪು ಹೇಳಿ, ಅಲ್ಲೇ ಮೇಡಂಗೆ ಫೋನು ಮಾಡಿ, ಆ ದಿನದ ಕೆಲಸ ನಿಲ್ಲಿಸುತ್ತಾನೆಯೇ? ಒಪ್ಪಿಕೊಳ್ಳುವುದೂ ಒಂದು ಚಾಲಾಕಿಯೇ ಇರಬಹುದು. ಸರಿ, ಅವನು ಸುಳ್ಳನೇ ಆಗಲಿ. ನನಗೆ ಕೇಳಿಸಿದ್ದು ಏನು? "ನೀನು ಕರೆದೆಯಾ?" ಎಂದು ಸ್ವಾತಿಯನ್ನು ಕೇಳಿದೆ. ಇಲ್ಲವೆಂದು ತಲೆಯಾಡಿಸಿದಳು. ಇವತ್ತಿಗೂ ನನಗೆ ಅದು ಬಗೆಹರಿದಿಲ್ಲ.

ನಾಳೆ ಮೇಡಂ ತಾವೇ ಬರುತ್ತಾರೆ, ಅವರ ಕಣ್ಣೆದುರೇ ಕೆಲಸ, ಮಗುವನ್ನು ಕಳಿಸುವುದು ಬಿಡುವುದು ನಿಮಗೆ ಬಿಟ್ಟದ್ದು ಎಂದು ನಿತಿನ್ ಹೇಳಿದ್ದ. "ಇನ್ನು ಆ ಗುಡ್ಡ ಬೇಡವೇ ಬೇಡ ಅತ್ತೆ" ಎಂದಳು ಸೊಸೆ. ನಾನೂ ಹೂಂ ಎಂದೆ. ಆದರೆ ಸಂಜೆ ಸ್ವಾತಿ ತನ್ನ ಬೂಟು ಒರೆಸಿ ತಂದು ಬಾಗಿಲ ಬಳಿ ಇಟ್ಟಳು. ಅಪ್ಪ ಹೋದ ಮೇಲೆ ಆ ಮಗು ತಾನಾಗಿ ಏನನ್ನೂ ಬೇಕೆಂದು ತೋರಿಸಿರಲಿಲ್ಲ.

ಬೆಳಿಗ್ಗೆ ನಾನು ಸೊಸೆ ತಾನೇ ತೆಗೆದುಕೊಟ್ಟ ಕ್ಯಾನ್ವಾಸ್ ಬೂಟು ಹಾಕಿಕೊಂಡು, ಸ್ವಾತಿಯನ್ನು ಕರೆದುಕೊಂಡು ಗುಡ್ಡಕ್ಕೆ ಹೋದೆ. ಮೇಡಂ ಬಂದಿದ್ದರು. ಸೀರೆ ಎತ್ತಿ ಸಿಕ್ಕಿಸಿ, "ಏ ಮಾಸ್ತರಾ, ಮೊದಲ ದೋಸೆ ನನಗೆ. ಕಟ್ಟು" ಎಂದೆ. ಅವನು ಕಟ್ಟಿದ. ಮೇಡಂ ಮುಟ್ಟಿ ನೋಡಿದರು. ಆಮೇಲೆ ಸ್ವಾತಿ ಹತ್ತಿರ ಬಂದು, ಗಂಟು ಹಿಡಿದು ಜೋರಾಗಿ ಜಗ್ಗಿ ನೋಡಿದಳು. ನಾನು ಬಂಡೆಗೆ ಕೈ ಹಾಕಿದೆ.