ಕಣ್ಣಿಗೆ ಒತ್ತಿಕೊಳ್ಳಲು ಬಾಗಿದವರು

ಗ್ರಂಥಾಲಯದಲ್ಲಿ ಕೆಲಸ ಮಾಡುವ ನಿನಗೆ ಯಾವ ಪುಸ್ತಕ ಇಷ್ಟ ಎಂದು ಕೇಳಿದರೆ ನನಗೆ ಮೊದಲು ನೆನಪಾಗುವುದು ಹರಿದ ಪುಸ್ತಕಗಳು. ಅವುಗಳಲ್ಲಿ ಒಂದು ಹಳೆಯ ಪ್ರವಾಸದ ಪುಸ್ತಕ. ಮುಖಪುಟವಿಲ್ಲ, ಮೊದಲ ಅಧ್ಯಾಯವೂ ಇಲ್ಲ. ಬರೆದವರು ಯಾರು, ಎಲ್ಲಿಂದ ಹೊರಟರು, ಗೊತ್ತಿಲ್ಲ. ತೆರೆದ ಕೂಡಲೇ ಅವರು ಚಪ್ಪಲಿ ಕೈಯಲ್ಲಿ ಹಿಡಿದು ನದಿ ದಾಟುತ್ತಿರುತ್ತಾರೆ. ಓದುವಾಗ ನನ್ನ ಕಾಲಿಗೂ ನೀರು ತಣ್ಣಗೆ ತಾಗುತ್ತಿತ್ತು. ಈಗ ತೆರೆದರೆ ಪುಟಗಳ ನಡುವೆ ಗಾರೆಯ ಪುಡಿ ಇರುತ್ತದೆ. ನನ್ನ ಕಣ್ಣು ತಾನಾಗಿಯೇ ಛತ್ತಿನ ಕಡೆ ಹೋಗುತ್ತದೆ.

ನೌಬಾದದಿಂದ ದಿನಾ ಬಸ್ಸಿನಲ್ಲಿ ಭಾಲ್ಕಿಗೆ ಹೋಗಿ ಬರುತ್ತಿದ್ದೆ. ಅಲ್ಲಿನ ನಮ್ಮ ಸಣ್ಣ ಗ್ರಂಥಾಲಯದಲ್ಲಿ ಈ ಪುಸ್ತಕವನ್ನು ನನ್ನಷ್ಟೇ ಹಚ್ಚಿಕೊಂಡವರು ಇನ್ನೊಬ್ಬರಿದ್ದರು. ಔರಾದ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದ ಹಿರಿಯರು. ಎಲ್ಲರಿಗೂ ಅವರು ಕಾಕಾ. ಟಿಕೇಟು ಹರಿದು ಹರಿದು ರೂಢಿಯಾಗಿ, ಹೆಬ್ಬೆರಳಿಗೆ ಎಂಜಲು ಹಚ್ಚದೆ ಪುಟ ತಿರುಗಿಸುತ್ತಿರಲಿಲ್ಲ.

"ಕಾಕಾ, ಎಂಜಲ ಹಚ್ಚಬ್ಯಾಡ್ರಿ. ಅದೇನು ಟಿಕೇಟ್ ಏನ್ರಿ?"

"ಟಿಕೇಟ್ ಇಲ್ಲದೇ ಇಷ್ಟು ದೂರ ತಿರುಗ್ಲತ್ತೀನಿ, ಸುಮ್ಮ ಇರವ್ವಾ."

ಮೊದಲ ಅಧ್ಯಾಯ ಇಲ್ಲವೆಂದು ನಾನು ಕೊರಗಿದರೆ, "ನಡು ದಾರ್ಯಾಗ ಹತ್ತಿದವರೂ ಪ್ಯಾಸೆಂಜರೇ" ಎಂದು ನಗುತ್ತಿದ್ದರು.

ಆ ಮಳೆಗಾಲದಲ್ಲಿ ಛತ್ತು ನೆನೆದು ಉಬ್ಬಿತ್ತು. ಒಂದು ಮಧ್ಯಾಹ್ನ ಕಾಕಾ ಓದುತ್ತಿದ್ದ ಪುಟದ ಮೇಲೆ ಪುಡಿ ಉದುರಿತು. ಅವರು ಊದಿ ಓದು ಮುಂದುವರಿಸಿದರು. ಮತ್ತೆ ಉದುರಿತು. ಆಮೇಲೆ ಮೇಲೆಲ್ಲೋ ಚಟ್ ಎಂದು ಬಿರಿದ ಸದ್ದು.

"ಎಲ್ಲಾರೂ ಹೊರಗ ನಡೀರಿ!" ಎಂದು ಕೂಗಿದೆ. ಪೇಪರ್ ಓದುತ್ತಿದ್ದವರು ಓಡಿದರು. ಕಾಕಾ ಕೂಡ ಎದ್ದರು. ಏಳುವಾಗ ಪುಸ್ತಕ ಮೇಜಿನಿಂದ ಜಾರಿತು. ಅವರ ಕಾಲು ಅದಕ್ಕೆ ತಾಗಿತು.

ಕಾಲಿಗೆ ಪುಸ್ತಕ ತಾಗಿದರೆ ಎತ್ತಿ ಕಣ್ಣಿಗೆ ಒತ್ತಿಕೊಳ್ಳುವುದನ್ನು ನಾವೆಲ್ಲ ಅಕ್ಷರಕ್ಕಿಂತ ಮೊದಲು ಕಲಿತವರು. ಕಾಕಾ ಬಾಗಿಲ ಕಡೆ ಹೋಗುವ ಬದಲು ತಿರುಗಿ ಬಾಗಿದರು. ಬಲಗೈ ಮೇಜಿನ ಮೇಲೆ ಊರಿ, ಎಡಗೈ ಕೆಳಗೆ ಚಾಚಿದರು.

"ಬಿಡ್ರಿ ಕಾಕಾ ಅದನ್ನ!"

ಛತ್ತಿನ ದೊಡ್ಡ ತುಂಡು ಮೇಜಿನ ಮೇಲೆ ಬಿತ್ತು. ಧೂಳು ಇಳಿದಾಗ ಅವರ ತಲೆ ಮೇಜಿನ ಅಂಚಿಗಿಂತ ಕೆಳಗಿತ್ತು. ಬಲಗೈ ತುಂಡಿನ ಅಡಿಯಲ್ಲಿತ್ತು.

ಬಾಗದಿದ್ದರೆ ತಲೆಯ ಮೇಲೇ ಬೀಳುತ್ತಿತ್ತು ಎನ್ನುತ್ತಾರೆ ಜನ. ತಿರುಗದಿದ್ದರೆ ಅಷ್ಟರಲ್ಲಿ ಅವರು ಹೊರಗಿರುತ್ತಿದ್ದರು ಎನ್ನುತ್ತದೆ ನನ್ನ ಮನಸ್ಸು. ಬಸ್ಸಿನಲ್ಲಿ ಕೂತಾಗ, ಅನ್ನ ಬಸಿಯುವಾಗ, ಅದೇ ಮತ್ತೆ ಕಣ್ಣ ಮುಂದೆ ನಡೆಯುತ್ತದೆ: ಪುಸ್ತಕ ಜಾರುತ್ತದೆ, ಅವರು ತಿರುಗುತ್ತಾರೆ, ನಾನು ಕೂಗುತ್ತೇನೆ.

ಬೀದರಿನ ಆಸ್ಪತ್ರೆಗೆ ಆ ಪುಸ್ತಕವನ್ನೇ ಒಯ್ದಿದ್ದೆ. ಹೆಬ್ಬೆರಳು ಉಳಿಯುತ್ತದೆಂದು ವೈದ್ಯರು ಇನ್ನೂ ಹೇಳಿರಲಿಲ್ಲ. ಕಾಕಾರ ಹೆಂಡತಿ, "ಪುಸ್ತಕನೇ ಕಾಯ್ದದ ನೋಡ್ರಿ" ಎಂದರು. ನಾನು ಕಾಕಾರ ಕಡೆ ತಿರುಗಿದೆ.

"ಬಾಗಿಲ ಎದುರಿಗೇ ಇತ್ತಲ್ರಿ ಕಾಕಾ. ಯಾಕ ಬಾಗಿದ್ರಿ?"

"ಕಾಲು ಹತ್ತಿತ್ತಲ್ಲವ್ವಾ. ನನ್ನ ಜಾಗದಾಗ ನೀ ಇದ್ದಿದ್ರ?"

ನಾನು ಚೀಲದಿಂದ ಪುಸ್ತಕ ಹೊರತೆಗೆದೆ. ಅವರು ಬ್ಯಾಂಡೇಜಿನ ಕೈಯನ್ನು ಪುಸ್ತಕದ ಕಡೆ ಸ್ವಲ್ಪ ಎತ್ತಿ ಮತ್ತೆ ಹಾಸಿಗೆಯ ಮೇಲಿಟ್ಟರು.

"ಓದು. ಇನ್ನ ನನಗ ಪುಟ ತಿರುವಲಿಕ್ಕ ಆಗ್ತದೋ ಇಲ್ಲೋ."

ನದಿಯ ಭಾಗದ ಪುಟಗಳು ತೇವಕ್ಕೆ ಅಂಟಿಕೊಂಡಿದ್ದವು. ಉಗುರಿನಿಂದ ಬಿಡಿಸಲು ನೋಡಿದೆ.

"ಎಂಜಲ ಹಚ್ಚವ್ವಾ. ಇಲ್ಲಿ ಬೈಯವರು ಯಾರಿದ್ದಾರ?"

ಹಚ್ಚಿದೆ. ಪುಟ ಬಿಟ್ಟುಕೊಂಡಿತು, ಬಾಯಿಗೆ ಗಾರೆಯ ರುಚಿ ಬಂತು. ಮತ್ತೆ ಜಾರಿ ಅವರ ಮುಂದೆ ನೆಲಕ್ಕೆ ಬೀಳದಿರಲೆಂದು ಪುಸ್ತಕವನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದು ಓದತೊಡಗಿದೆ.